ಹೊಟ್ಟೆ ತುಂಬಿದ ಮೇಲೆ: ಅನ್ನಭಾಗ್ಯ ಮತ್ತು ಬಡ ಕುಟುಂಬಗಳ ಪೌಷ್ಟಿಕತೆ

ತಿಂಗಳಿಗೆ ತಲಾ 5 ಕೆ.ಜಿ. ಪಡಿತರ ಅಕ್ಕಿ ಎಂದರೆ ದಿನಕ್ಕೆ ಸುಮಾರು 165 ಗ್ರಾಂ, ಹತ್ತಿರಹತ್ತಿರ 580 ಕಿಲೊಕ್ಯಾಲೊರಿ. ಹೊಲದಲ್ಲಿ ಕೂಲಿ ಮಾಡುವ ಹೆಂಗಸಿಗೆ ಬೇಕಾದ ಶಕ್ತಿಯ ಕಾಲುಭಾಗ ಇದರಿಂದಲೇ ದಕ್ಕುತ್ತದೆ. ಕರ್ನಾಟಕದಲ್ಲಿ 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯವನ್ನು ಓಟಿನ ಆಮಿಷವೆಂದು ತಳ್ಳಿಹಾಕುವವರು ಮೊದಲು ಈ ಲೆಕ್ಕ ನೋಡಬೇಕು. ಆದರೆ ಹಸಿವು ಇಂಗುವುದು ಬೇರೆ, ಮೈಗೆ ಪೋಷಣೆ ಸಿಗುವುದು ಬೇರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ (2015–16) ಮತ್ತು ಐದನೇ (2019–21) ಸುತ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ರಾಜ್ಯದಲ್ಲಿ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ ಶೇ. 36.2ರಿಂದ 35.4ಕ್ಕಷ್ಟೇ ಇಳಿದಿದೆ. ಎತ್ತರಕ್ಕೆ ತಕ್ಕ ತೂಕವಿಲ್ಲದವರ ಪ್ರಮಾಣ ಶೇ. 26.1ರಿಂದ 19.5ಕ್ಕೆ ಇಳಿದದ್ದು ನಿಜವಾದ ಗಳಿಕೆ. ರಕ್ತಹೀನತೆ ಮಾತ್ರ ಏರಿದೆ: ಮಕ್ಕಳಲ್ಲಿ ಶೇ. 60.9ರಿಂದ 65.5ಕ್ಕೆ, ಮಹಿಳೆಯರಲ್ಲಿ ಶೇ. 44.8ರಿಂದ 47.8ಕ್ಕೆ. ಇದನ್ನು ಕೋವಿಡ್ ತಲೆಗೆ ಕಟ್ಟುವಂತಿಲ್ಲ, ಕರ್ನಾಟಕದ ಕ್ಷೇತ್ರಕಾರ್ಯ 2019ರಲ್ಲೇ ಮುಗಿದಿತ್ತು. ಪಡಿತರವನ್ನು ದೂರುವುದೂ ತಪ್ಪು. ಕುಡಿಯುವ ನೀರು, ಶೌಚ, ಎಳೆ ವಯಸ್ಸಿನ ಬಸಿರು ಎಲ್ಲವೂ ಇಲ್ಲಿ ಸೇರಿವೆ. ಅಕ್ಕಿಯೊಂದರಿಂದಲೇ ರಕ್ತಹೀನತೆ ನೀಗದು ಎಂದಷ್ಟೇ ಹೇಳಬಹುದು.

ಅಗ್ಗದ ಧಾನ್ಯ ಊಟದ ಸ್ವರೂಪವನ್ನೇ ಬದಲಿಸುತ್ತದೆ. ನೀರಜ್ ಕೌಶಲ್ ಮತ್ತು ಫೆಲಿಕ್ಸ್ ಮುಚೊಂಬಾ 2015ರಲ್ಲಿ ಪ್ರಕಟಿಸಿದ ಭಾರತದ ಅಧ್ಯಯನದ ಪ್ರಕಾರ, ಸಬ್ಸಿಡಿ ಹೆಚ್ಚಿದಾಗ ಬಡವರ ಮನೆಯಲ್ಲಿ ಅಕ್ಕಿ, ಗೋಧಿಯ ಬಳಕೆ ಹೆಚ್ಚಿ ಸಿರಿಧಾನ್ಯ ಕಡಿಮೆಯಾಯಿತು. ಒಟ್ಟು ಕ್ಯಾಲೊರಿ, ಪ್ರೋಟೀನ್ ಹೆಚ್ಚಲಿಲ್ಲ. ರಾಗಿ, ಜೋಳ ಉಣ್ಣುವ ನಾಡಿಗೆ ಇದು ಸಣ್ಣ ಮಾತಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ಮುದ್ದೆಯ ಜೊತೆ ಸೊಪ್ಪಿನ ಸಾರು ಒಲೆಗೇರುತ್ತಿದ್ದ ಮನೆಯಲ್ಲಿ ಅನ್ನಕ್ಕೆ ನೀರು ಸಾರೇ ಸಾಕಾದರೆ, ಕಬ್ಬಿಣದಂಶವೂ ಕೈತಪ್ಪುತ್ತದೆ.

2017ರ ಮಾತೃಪೂರ್ಣ ಯೋಜನೆ ಈ ಕೊರತೆಯನ್ನು ಗುರುತಿಸಿತ್ತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ, ಸಾಂಬಾರ್, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಆದರೆ ಅಲ್ಲಿಗೇ ಬಂದು ಉಣ್ಣಬೇಕು. ಬೆಳಗ್ಗೆಯೇ ಕಳೆ ಕೀಳಲು ಹೋದವಳು ಮಧ್ಯಾಹ್ನದ ಊಟಕ್ಕೆಂದು ಬಂದರೆ ಆ ದಿನದ ಕೂಲಿಗೆ ಕುತ್ತು. ತೀರಾ ಬಡವಳೇ ತಪ್ಪಿಹೋಗುವುದು ಹೀಗೆ.

ಅನ್ನಭಾಗ್ಯದಡಿ ತಲಾ ಕೊಡುತ್ತಿದ್ದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರಲ್ಲಿ ಒಪ್ಪಿದ್ದು ಸರಿಯಾದ ಹೆಜ್ಜೆಯೆಂದೇ ನನ್ನ ಅಭಿಪ್ರಾಯ. ಆದರೆ ಎಷ್ಟು ಕಿಟ್ ಹೋಯಿತೆಂಬ ಲೆಕ್ಕ ಸಾಲದು. ಬೇಳೆ ಮನೆಯಲ್ಲಿ ಯಾರ ಪಾಲಿಗೆ ಬಂತು, ಬಾಣಂತಿಗೆ, ಎರಡು ವರ್ಷದ ಕೂಸಿಗೆ ಎಷ್ಟು ಸಿಕ್ಕಿತು ಎಂದು ಕೇಳುವ ಮನೆಮನೆ ಸಮೀಕ್ಷೆ ವಿತರಣೆಯ ಜೊತೆಯಲ್ಲೇ ನಡೆಯಬೇಕು.