ಪರಂಗಿಮಲೈಯಿಂದ ಪರದೆಗೆ

ಚೆನ್ನೈನ ಗಿಂಡಿಯಲ್ಲಿ ಕುದುರೆಗಳು ಓಡುವ ಪಥದ ಒಳಗೇ ಇನ್ನೊಂದು ಆಟದ ಜಾಗವಿತ್ತು. 1884ರಲ್ಲಿ ಶುರುವಾದ ಮದ್ರಾಸ್ ಜಿಮ್ಖಾನಾ ಕ್ಲಬ್ಬಿನ ಸದಸ್ಯರು ಗಾಲ್ಫ್ ಆಡುತ್ತಿದ್ದದ್ದು ಅಲ್ಲಿ. ಆ ನೆಲ ಸರ್ಕಾರದ್ದು. ಸುಮಾರು 160 ಎಕರೆಯನ್ನು ಮದ್ರಾಸ್ ರೇಸ್ ಕ್ಲಬ್ಬಿಗೆ 1946ರಲ್ಲಿ 99 ವರ್ಷಗಳ ಗುತ್ತಿಗೆಗೆ ಕೊಡಲಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಈ ಗುತ್ತಿಗೆಯನ್ನು ರದ್ದುಮಾಡಿ ನೆಲವನ್ನು ವಶಕ್ಕೆ ತೆಗೆದುಕೊಂಡಿತು. ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿತು. ಇತ್ತ ಅದೇ ಆವರಣದಲ್ಲಿ ಮಳೆನೀರು ನಿಲ್ಲಿಸಲು ಕೊಳಗಳನ್ನು ತೋಡುವ ಕೆಲಸವೂ ನಡೆಯಿತು.

ಇಂಥದ್ದೊಂದು ಗಾಲ್ಫ್ ಕೋರ್ಸನ್ನು ಯಾರಾದರೂ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಹೊರಟರೆ ಮೊದಲು ಏನು ಬೇಕಾಗುತ್ತದೆ? ಹುಲ್ಲಿನ ಬಣ್ಣ, ಮರಗಳ ಚಿತ್ರ ಎಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ನೆಲದ ಎತ್ತರ. ಯಾವ ಜಾಗ ಎಷ್ಟು ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬ ಲೆಕ್ಕ ಇಲ್ಲದಿದ್ದರೆ ಚೆಂಡು ಎತ್ತ ಉರುಳಬೇಕೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಈ ಲೆಕ್ಕಕ್ಕೆ ಭಾರತದಲ್ಲಿ ಇನ್ನೂರು ವರ್ಷಗಳಿಗೂ ಮೀರಿದ ಕಥೆಯಿದೆ. ಅದು ಆರಂಭವಾದದ್ದು ಗಿಂಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ.

ಗಾಲ್ಫ್ ಹುಟ್ಟಿದ್ದು ಸ್ಕಾಟ್ಲೆಂಡಿನ ಕಡಲ ತೀರದ ಮರಳುದಿಬ್ಬಗಳ ಮೇಲೆ. ಅಲ್ಲಿನ ಹಳೆಯ ಕೋರ್ಸುಗಳನ್ನು ಯಾರೂ ಕಾಗದದ ಮೇಲೆ ಯೋಜಿಸಿರಲಿಲ್ಲ. ಗಾಳಿ, ಮಳೆ, ಕುರಿಗಳು ಸೇರಿ ರೂಪಿಸಿದ ನೆಲದಲ್ಲೇ ಜನ ಆಡಿದರು. ಆದ್ದರಿಂದ ನೆಲವೇ ಈ ಆಟದ ಅರ್ಧ ಭಾಗ. ಗುಳಿಯಿರುವ ಹುಲ್ಲುಹಾಸಿನಲ್ಲಿ, ಅಂದರೆ ಗ್ರೀನ್ ಮೇಲೆ, ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರಿದ್ದರೂ ಚೆಂಡು ದಾರಿ ಬದಲಿಸುತ್ತದೆ. 1984ರ ನಿಂಟೆಂಡೊ ಗಾಲ್ಫ್ ಆಟದಲ್ಲಿ ಮೈದಾನವನ್ನು ಮೇಲಿನಿಂದ ಕಂಡ ಚಪ್ಪಟೆ ಚಿತ್ರವಾಗಿ ತೋರಿಸುತ್ತಿದ್ದರು. 1990ರಲ್ಲಿ ಬಂದ ‘ಲಿಂಕ್ಸ್’ ಎಂಬ ಆಟ ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್ ಎಂಬ ನಿಜವಾದ ಕೋರ್ಸನ್ನು ಪರದೆಗೆ ತಂದಿತು. 2011ರ ಟೈಗರ್ ವುಡ್ಸ್ ಆಟಕ್ಕಾಗಿ ಅಗಸ್ಟಾ ನ್ಯಾಷನಲ್ ಕೋರ್ಸಿನ ನೆಲವನ್ನು ಲೇಸರ್ ಕಿರಣಗಳಿಂದ ಅಳೆದರು.

ಈಗಿನ ವಿಧಾನ ಹೇಳುವುದಕ್ಕೆ ಸರಳ. ನೆಲವನ್ನು ಚೌಕಗಳಾಗಿ ಹೆಣೆದು ಪ್ರತಿ ಚೌಕಕ್ಕೂ ಒಂದು ಎತ್ತರದ ಅಂಕಿ ಕೊಡುತ್ತಾರೆ. ಅದನ್ನು ಕಪ್ಪು ಬಿಳುಪು ಚಿತ್ರವಾಗಿ ಉಳಿಸಿದರೆ ಅತಿ ತಗ್ಗಾದ ಜಾಗ ಕಪ್ಪಾಗಿ, ಅತಿ ಎತ್ತರದ್ದು ಬಿಳಿಯಾಗಿ ಕಾಣುತ್ತದೆ. ಆ ಚಿತ್ರವನ್ನು ತಂತ್ರಾಂಶ ಮತ್ತೆ ಗುಡ್ಡ ಬಯಲುಗಳಾಗಿ ಎಬ್ಬಿಸುತ್ತದೆ. ವಿನ್ಯಾಸಕ ಅದರ ಮೇಲೆ ಹುಲ್ಲು, ಮರಳುಗುಂಡಿ, ಕೊಳಗಳನ್ನು ಹಾಸುತ್ತಾನೆ. ಕಷ್ಟವೆಲ್ಲ ಆ ಅಂಕಿಗಳನ್ನು ಪಡೆಯುವುದರಲ್ಲಿದೆ. ಅಮೆರಿಕದಲ್ಲಿ ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನೆಲದ ಮಾಹಿತಿಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಹಾಗಾಗಿ ಅಲ್ಲಿ ಹವ್ಯಾಸಿಗಳೂ ತಮ್ಮೂರಿನ ಕೋರ್ಸನ್ನು ಮನೆಯಲ್ಲೇ ಕೂತು ಕಟ್ಟುತ್ತಾರೆ. ಚೆನ್ನೈನಲ್ಲಿ ಅದು ಅಷ್ಟು ಸುಲಭವಲ್ಲ.

ಇದು ವಿಚಿತ್ರವೆನಿಸುವುದು ಪರಂಗಿಮಲೈಯನ್ನು ನೆನೆದಾಗ. ಇಂಗ್ಲಿಷಿನವರು ಸೇಂಟ್ ಥಾಮಸ್ ಮೌಂಟ್ ಎಂದದ್ದನ್ನು ತಮಿಳರು ಕರೆದದ್ದು ಹೀಗೆ. ನಮ್ಮ ಪರಂಗಿ ಹಣ್ಣಿನಲ್ಲಿರುವುದೂ ಅದೇ ‘ಪರಂಗಿ’, ಅಂದರೆ ಯುರೋಪಿನವನು. 1802ರ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಈ ಗುಡ್ಡದ ಬಳಿಯ ಬಯಲಿನಲ್ಲಿ ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ಅಳೆದ. ಅದಕ್ಕೆ ಬಳಸಿದ್ದು 100 ಅಡಿ ಉದ್ದದ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿಟ್ಟು, ಪಕ್ಕದಲ್ಲಿ ಉಷ್ಣಮಾಪಕ ಇರಿಸಿ, ಸುಮಾರು 400 ಸಲ ಮುಂದಿಟ್ಟು ಅಳೆಯಬೇಕಾಯಿತು. ಕೊನೆಗೆ ಬಂದ ಉತ್ತರ 40,006.4418 ಅಡಿ. ದಶಮಾಂಶದ ನಾಲ್ಕನೇ ಸ್ಥಾನದವರೆಗೆ! ಈ ಗೆರೆಯ ಮೇಲೆ ತ್ರಿಕೋನ, ಆ ತ್ರಿಕೋನದ ಬದಿಯ ಮೇಲೆ ಇನ್ನೊಂದು ತ್ರಿಕೋನ, ಹೀಗೆ ಪೋಣಿಸುತ್ತ ಹಿಮಾಲಯದವರೆಗೂ ಬೆಳೆದದ್ದೇ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ.

ಲ್ಯಾಂಬ್ಟನ್ ಬಂದದ್ದು ಮೈಸೂರಿನ ಯುದ್ಧಭೂಮಿಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯ ಉದ್ದಗಲ ತಿಳಿಯುವ ಆತುರ ಕಂಪನಿಗೆ ಇದ್ದಾಗ, ಪರ್ಯಾಯ ದ್ವೀಪವನ್ನು ಅಡ್ಡಡ್ಡ ಅಳೆಯುವ ಯೋಜನೆಯನ್ನು ಅವನು ಮುಂದಿಟ್ಟ. ಮದ್ರಾಸಿನ ನಂತರ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದದ್ದು 1804ರಲ್ಲಿ. ಇದೆಲ್ಲ ದಂಡದ ಖರ್ಚು ಎಂದವರೂ ಇದ್ದರು. ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬ, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆ ಯಾಕೆ ಎಂಬ ಅರ್ಥದ ಮಾತಾಡಿದ್ದನೆಂದು ದಾಖಲೆಯಿದೆ. ದಾರಿ ಗೊತ್ತಿರುವುದು ಬೇರೆ, ನೆಲ ಗೊತ್ತಿರುವುದು ಬೇರೆ ಎಂಬುದು ಆ ಸದಸ್ಯನಿಗೆ ಹೊಳೆದಿರಲಿಲ್ಲ.

ಎತ್ತರದ ಲೆಕ್ಕ ಪೂರ್ತಿ ಹೊಂದಿಕೊಳ್ಳಲು ಇನ್ನೂ ನೂರು ವರ್ಷ ಹಿಡಿಯಿತು. ಸಮುದ್ರಮಟ್ಟ ಎಂದರೆ ಯಾವ ಮಟ್ಟ? ಅಲೆ ಏರುತ್ತದೆ, ಇಳಿಯುತ್ತದೆ. ಒಂಬತ್ತು ಬಂದರುಗಳಲ್ಲಿ ಉಬ್ಬರ ಇಳಿತಗಳನ್ನು ಅಳೆದು ಸರಾಸರಿ ತೆಗೆದು, ಅದಕ್ಕೆ ದೇಶದ ಎತ್ತರಗಳನ್ನೆಲ್ಲ ಜೋಡಿಸುವ ಕೆಲಸ 1909ರಲ್ಲಿ ಒಂದು ಘಟ್ಟ ಮುಟ್ಟಿತು. ಆ ಒಂಬತ್ತರಲ್ಲಿ ಮದ್ರಾಸೂ ಇತ್ತು, ನಮ್ಮ ಕಾರವಾರವೂ ಇತ್ತು.

ಸೈನ್ಯಕ್ಕಾಗಿ, ಕಂದಾಯಕ್ಕಾಗಿ ಹುಟ್ಟಿದ ಈ ಜ್ಞಾನ ಸ್ವಾತಂತ್ರ್ಯದ ನಂತರವೂ ಬೀಗದ ಹಿಂದೆಯೇ ಉಳಿಯಿತು. ಎತ್ತರದ ಗೆರೆಗಳಿರುವ ವಿವರವಾದ ನಕ್ಷೆಗಳು ಸಾಮಾನ್ಯರಿಗೆ ಬಹುಕಾಲ ಎಟುಕಲಿಲ್ಲ. ಬಾಗಿಲು ತೆರೆದದ್ದು ಆಕಾಶದ ಕಡೆಯಿಂದ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಗಗನನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ಜಗತ್ತಿನ ಬಹುಪಾಲು ನೆಲದ ಎತ್ತರ ದಾಖಲಿಸಿತು. 2005ರ ಮೇ ತಿಂಗಳಲ್ಲಿ ಶ್ರೀಹರಿಕೋಟಾದಿಂದ ಹಾರಿದ ಕಾರ್ಟೊಸ್ಯಾಟ್-1 ಎರಡು ಕೋನಗಳಿಂದ ಚಿತ್ರ ತೆಗೆದು ಭಾರತದ್ದೇ ಎತ್ತರದ ನಕ್ಷೆಗೆ ದಾರಿ ಮಾಡಿತು. ಇಸ್ರೋ 2009ರಲ್ಲಿ ತೆರೆದ ‘ಭುವನ್’ ತಾಣದಲ್ಲಿ ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಆದರೆ ಉಚಿತವಾಗಿ ಸಿಗುವ ಈ ನಕ್ಷೆಗಳ ಒಂದೊಂದು ಚೌಕ ಸುಮಾರು 30 ಮೀಟರಿನದು. ಅಂದರೆ ಒಂದು ಚೌಕಕ್ಕೆ 900 ಚದರ ಮೀಟರ್. ಸಾಮಾನ್ಯವಾದೊಂದು ಗ್ರೀನ್ ಅದರೊಳಗೆ ಇಡಿಯಾಗಿ ಮುಳುಗಿಹೋಗುತ್ತದೆ. ಇಡೀ ಗ್ರೀನಿಗೆ ಒಂದೇ ಅಂಕಿ! ಮೇಲಾಗಿ ಇಂಥ ಸಾಧನಗಳಿಗೆ ಮೊದಲು ಕಾಣುವುದು ಮರದ ನೆತ್ತಿ, ಕಟ್ಟಡದ ತಾರಸಿ. ಮರಗಳ ಗುಂಪಿರುವ ಕಡೆ ಪರದೆಯಲ್ಲಿ ಗುಡ್ಡವೇ ಎದ್ದುಬಿಡುತ್ತದೆ. ಕೊಡಗಿನಂಥ ಬೆಟ್ಟದ ನಾಡಿನಲ್ಲಿ ನಾಲ್ಕೈದು ಮೀಟರಿನ ತಪ್ಪು ನಡೆದೀತು. ಚೆನ್ನೈನ ಬಹುಭಾಗ ಸಮುದ್ರಕ್ಕಿಂತ ಎತ್ತರವಿರುವುದೇ ಕೆಲವು ಮೀಟರ್.

ಇದು ಬರೀ ಆಟದ ತೊಡಕಲ್ಲ ಎಂದು ಊರಿಗೆ ಮನದಟ್ಟು ಮಾಡಿದ್ದು 2015ರ ಡಿಸೆಂಬರಿನ ಪ್ರವಾಹ. ಅಡ್ಯಾರ್ ನದಿ ಉಕ್ಕಿ ನಗರದ ದೊಡ್ಡ ಭಾಗ ಮುಳುಗಿದಾಗ, ನೀರು ಯಾವ ಬೀದಿಗೆ ಮೊದಲು ನುಗ್ಗುತ್ತದೆ ಎಂಬುದು ಅರ್ಧ ಮೀಟರಿನ ಏರಿಳಿತದ ಪ್ರಶ್ನೆಯಾಯಿತು. ಬಳಿಕ ಕೇಂದ್ರ ಸರ್ಕಾರದ ಸಂಸ್ಥೆಗಳು, ಮದ್ರಾಸ್ ಮತ್ತು ಬಾಂಬೆ ಐಐಟಿಗಳು, ಅಣ್ಣಾ ವಿಶ್ವವಿದ್ಯಾಲಯ ಸೇರಿ ಚೆನ್ನೈಗೆ ಪ್ರವಾಹ ಮುನ್ಸೂಚನೆಯ ವ್ಯವಸ್ಥೆಯೊಂದನ್ನು ರೂಪಿಸಿದವು. ವಿಮಾನದಿಂದ ಲೇಸರ್ ಹಾಯಿಸಿ ಪಡೆದ ಎತ್ತರದ ನಕ್ಷೆ ಅದರ ತಳಹದಿಗಳಲ್ಲೊಂದು. ಗಾಲ್ಫ್ ಚೆಂಡಿನ ದಾರಿಯನ್ನೂ ಮಳೆನೀರಿನ ದಾರಿಯನ್ನೂ ಹೇಳುವುದು ಒಂದೇ ಬಗೆಯ ಅಂಕಿಗಳು.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭೂಮಾಹಿತಿಯ ನಿಯಮಗಳನ್ನು ಸಡಿಲಿಸಿತು. ನೆಲದ ಮೇಲೆ ಒಂದು ಮೀಟರ್, ಎತ್ತರದಲ್ಲಿ ಮೂರು ಮೀಟರಿಗಿಂತ ಸೂಕ್ಷ್ಮವಾದ ಮಾಹಿತಿಯನ್ನು ವಿದೇಶಿ ಕಂಪನಿಗಳು ತಾವೇ ಸಂಗ್ರಹಿಸುವಂತಿಲ್ಲ. ಭಾರತೀಯರಿಗೆ ಅಂಥ ಪೂರ್ವಾನುಮತಿಯ ಕಟ್ಟು ಇಲ್ಲ. ಆದರೆ ಅನುಮತಿ ಇರುವುದು ಬೇರೆ, ಮಾಹಿತಿ ಕೈಗೆ ಸಿಗುವುದು ಬೇರೆ. ಲೇಸರ್ ಅಳತೆಗೆ ದುಡ್ಡು ಬೇಕು. ಸಾರ್ವಜನಿಕ ಹಣದಲ್ಲಿ ಅಳೆದದ್ದು ಸಾರ್ವಜನಿಕರಿಗೆ ಸಿಕ್ಕರೆ ಕಾಲೇಜು ಹುಡುಗನೊಬ್ಬ ಅದರಿಂದ ಆಟದ ಮೈದಾನ ಕಟ್ಟಬಹುದು. ಮನೆ ಕೊಳ್ಳಹೊರಟ ಹೆಂಗಸು ಆ ಬೀದಿ ಮುಳುಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬಹುದು.

ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ. ಒಂದು ಭಾಷೆ ನಿಂತ ನೀರನ್ನು ಹೆಸರಿಸಿತು, ಇನ್ನೊಂದು ಅದನ್ನು ನಿಲ್ಲಿಸಿದ ಎತ್ತರವನ್ನು. ಮಾಂಬಲದ ದೊಡ್ಡ ಏರಿಯನ್ನು 1920ರ ದಶಕದಲ್ಲಿ ಬರಿದುಮಾಡಿ ತ್ಯಾಗರಾಯ ನಗರ ಕಟ್ಟಿದ ಊರು, ನೂರು ವರ್ಷಗಳ ಮೇಲೆ ಗಿಂಡಿಯ ಹುಲ್ಲುಹಾಸಿನ ನಡುವೆ ಕೊಳ ತೋಡಿತು. ಹಾಗೆ ತೋಡಿದ ಮೇಲೆ ಆ ನೆಲದ ಹಳೆಯ ಏರಿಳಿತ ಮತ್ತೆ ಸಿಗುವುದಿಲ್ಲ. ಅದನ್ನು ಮೊದಲೇ ಅಳೆದಿಟ್ಟಿದ್ದರೆ ಪರದೆಯ ಮೇಲಾದರೂ ಉಳಿದೀತು.

ಪರಂಗಿಮಲೈಯ ಮೇಲೆ ಈಗ ಲ್ಯಾಂಬ್ಟನ್ನನ ಪ್ರತಿಮೆಯೊಂದಿದೆ. ಅಲ್ಲಿಂದ ಕೆಳಗೆ ನೋಡಿದರೆ ನಗರ ತಟ್ಟೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಅದು ಚಪ್ಪಟೆಯಲ್ಲ ಎಂಬುದು ಮಳೆನೀರಿಗೆ ಗೊತ್ತು.