ಪ್ರಾಜೆಕ್ಟ್ ಪ್ರಕಾಶ್

ಹುಟ್ಟುಗುರುಡು ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಕೊಡಿಸಿ, ಅವರ ಮಿದುಳು ನೋಡಲು ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಯೋಜನೆ. ಸ್ಥಾಪಕರು ಅಮೆರಿಕದ ಎಂಐಟಿಯ ನರವಿಜ್ಞಾನಿ ಪವನ್ ಸಿನ್ಹಾ. ಚಿಕಿತ್ಸೆ ಪಡೆದ ಹಲವರು ಉತ್ತರ ಭಾರತದ ಹಳ್ಳಿಗಳವರು. ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದವರು.

ಎಳವೆಯಲ್ಲಿ ಬೆಳಕು ಕಾಣದ ಕಣ್ಣಿಗೆ ಮಿದುಳು ಮುಂದೆ ಸ್ಪಂದಿಸುವುದಿಲ್ಲವೆಂದು ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳಲ್ಲಿ ತೋರಿಸಿದ್ದರು (ನೊಬೆಲ್, 1981). ಈ ಮಕ್ಕಳ ಕಲಿಕೆ ಆ ನಿಯಮ ಅಷ್ಟು ಬಿಗಿಯಲ್ಲವೆಂದು ತೋರಿಸಿತು. ನೋಟದ ಸೂಕ್ಷ್ಮತೆ ಪೂರ್ತಿ ಮರಳಲಿಲ್ಲವೆಂಬುದೂ ನಿಜ.

ಮುಟ್ಟಿ ಬಲ್ಲ ಗೋಲ, ಘನಗಳನ್ನು ಹೊಸದಾಗಿ ದೃಷ್ಟಿ ಬಂದವನು ನೋಡಿಯೇ ಗುರುತಿಸಬಲ್ಲನೇ ಎಂದು ಐರ್ಲೆಂಡಿನ ಮಾಲಿನ್ಯೂ 17ನೇ ಶತಮಾನದಲ್ಲಿ ತತ್ತ್ವಜ್ಞಾನಿ ಲಾಕ್‌ನನ್ನು ಕೇಳಿದ್ದ. ವಾದದಲ್ಲೇ ಉಳಿದಿದ್ದ ಈ ಪ್ರಶ್ನೆಗೆ 2011ರಲ್ಲಿ ಈ ಯೋಜನೆಯ ಐವರು ಮಕ್ಕಳಿಂದ ಉತ್ತರ ಬಂತು: ತಕ್ಷಣಕ್ಕೆ ಆಗದು, ಆದರೆ ಕೆಲವೇ ದಿನಗಳಲ್ಲಿ ಸಾಧ್ಯ.

2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇನ್ನೂ ಕುತೂಹಲಕರ. ಈ ಮಕ್ಕಳು ಬಣ್ಣದ ಚಿತ್ರಗಳನ್ನು ಚೆನ್ನಾಗಿ ಗುರುತಿಸಿದರೂ ಕಪ್ಪು-ಬಿಳುಪು ಚಿತ್ರಗಳಲ್ಲಿ ತಡವರಿಸಿದರು. ಹಸುಗೂಸಿನ ಅಕ್ಷಿಪಟಲ ಇನ್ನೂ ಬಲಿತಿರದ ಕಾರಣ ಅದಕ್ಕೆ ಬಣ್ಣ ಸರಿಯಾಗಿ ಕಾಣದು; ಹಾಗಾಗಿ ಮಿದುಳು ಮೊದಲು ಬೆಳಕು-ನೆರಳನ್ನೇ ನಂಬಲು ಕಲಿಯುತ್ತದೆ. ತಡವಾಗಿ ದೃಷ್ಟಿ ಪಡೆದವರಿಗೆ ಆ ಹಂತವೇ ತಪ್ಪಿಹೋಗಿದೆ ಎಂಬುದು ಸಂಶೋಧಕರ ವಿವರಣೆ. ಮೊದಲು ಬಣ್ಣವಿಲ್ಲದ, ನಂತರ ಬಣ್ಣದ ಚಿತ್ರಗಳಿಂದ ತರಬೇತುಗೊಳಿಸಿದ ಕಂಪ್ಯೂಟರ್ ಮಾದರಿಗಳು ಎರಡೂ ಬಗೆಯವನ್ನು ಗುರುತಿಸಿದ್ದು ಇದಕ್ಕೆ ಪೂರಕವಾಗಿದೆ.