ಮೊಬೈಲ್ ಪ್ರೊಸೆಸರ್ ದಕ್ಷತೆ

ಮೊಬೈಲ್ ಪ್ರೊಸೆಸರ್ ದಕ್ಷತೆ ಎಂಬುದು ಸ್ಮಾರ್ಟ್‌ಫೋನಿನ ಪ್ರೊಸೆಸರ್ ತಾನು ಬಳಸುವ ವಿದ್ಯುತ್ತಿಗೆ ಪ್ರತಿಯಾಗಿ ಎಷ್ಟು ಕೆಲಸ ಮಾಡಿಕೊಡುತ್ತದೆ ಎಂಬುದರ ಅಳತೆಯಾಗಿದೆ. ಫೋನುಗಳ ಯಂತ್ರಾಂಶವನ್ನು ಹೋಲಿಸುವಾಗ ಸಾಮಾನ್ಯವಾಗಿ ವೇಗವನ್ನೇ ಮುಂದಿಡಲಾಗುತ್ತದೆಯಾದರೂ, ಬ್ಯಾಟರಿಯಿಂದ ನಡೆಯುವ ಮತ್ತು ಫ್ಯಾನ್ ಇಲ್ಲದ ಸಾಧನದಲ್ಲಿ ಆ ವೇಗವು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ದಕ್ಷತೆಯೇ ಆಗಿದೆ.

ಮೂಲ ತತ್ತ್ವ

ಫೋನಿನ ಮುಖ್ಯ ಚಿಪ್ಪನ್ನು ಎಸ್‌ಒಸಿ ಎಂದು ಕರೆಯುತ್ತಾರೆ. ಸಿಪಿಯು, ಚಿತ್ರಗಳನ್ನು ಮೂಡಿಸುವ ಜಿಪಿಯು, ಕ್ಯಾಮೆರಾದ ಸಂಕೇತಗಳನ್ನು ಸಂಸ್ಕರಿಸುವ ಘಟಕ ಮತ್ತು ಬಹುತೇಕ ಚಿಪ್‌ಗಳಲ್ಲಿ ಮೋಡೆಮ್ ಕೂಡ ಒಂದೇ ಸಿಲಿಕಾನ್ ತುಣುಕಿನಲ್ಲಿ ಅಡಕವಾಗಿರುತ್ತವೆ. ಇವುಗಳಲ್ಲಿನ ಟ್ರಾನ್ಸಿಸ್ಟರ್‌ಗಳು ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಆವರ್ತನಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಆವರ್ತನ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ, ಕೊನೆಯ ಶೇಕಡಾ ಹತ್ತರಷ್ಟು ವೇಗವನ್ನು ಪಡೆಯಲು ಅದಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತನ್ನು ತೆರಬೇಕಾಗುತ್ತದೆ.

ಹೀಗಾಗಿ ಒಂದು ಕೆಲಸಕ್ಕೆ ತಗಲುವ ಸಮಯವನ್ನು ಮಾತ್ರ ನೋಡಿದರೆ ಸಾಲದು. ಉದಾಹರಣೆಗೆ, ಒಂದು ಚಿಪ್ 4 ವ್ಯಾಟ್ ಬಳಸಿ 10 ಸೆಕೆಂಡುಗಳಲ್ಲಿ ಮುಗಿಸಿದ ಕೆಲಸವನ್ನು ಇನ್ನೊಂದು ಚಿಪ್ 2 ವ್ಯಾಟ್ ಬಳಸಿ 16 ಸೆಕೆಂಡುಗಳಲ್ಲಿ ಮುಗಿಸಿತೆಂದು ಭಾವಿಸೋಣ. ಮೊದಲನೆಯದು ವ್ಯಯಿಸಿದ ಶಕ್ತಿ 40 ಜೂಲ್, ಎರಡನೆಯದು 32 ಜೂಲ್. ಎರಡನೆಯದು ನಿಧಾನವಾದರೂ ಹೆಚ್ಚು ದಕ್ಷವಾಗಿದೆ. 5000 ಎಂಎಎಚ್ ಬ್ಯಾಟರಿಯಲ್ಲಿ ಒಟ್ಟು ಸುಮಾರು 19 ವ್ಯಾಟ್-ಅವರ್ ಶಕ್ತಿ ಮಾತ್ರ ಇರುವುದರಿಂದ ಈ ಬಗೆಯ ವ್ಯತ್ಯಾಸಗಳು ದಿನದ ಕೊನೆಗೆ ಎದ್ದು ಕಾಣುತ್ತವೆ.

ಸಿಂಪ್ಯೂಟರ್

ಕೈಯಲ್ಲಿ ಹಿಡಿಯುವ ಗಣಕಕ್ಕೆ ಕಡಿಮೆ ವಿದ್ಯುತ್ತಿನ ಪ್ರೊಸೆಸರನ್ನು ಆಯ್ದುಕೊಂಡ ಮೊದಮೊದಲ ಭಾರತೀಯ ಪ್ರಯತ್ನ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಂದಿಗೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಓದು ಬರಹ ಬಾರದವರೂ ಬಳಸಬಹುದಾದ, ಅಗ್ಗದ ಗಣಕವನ್ನು ರೂಪಿಸುವುದು ಅವರ ಉದ್ದೇಶವಾಗಿತ್ತು.

ಇದರಲ್ಲಿ ಬಳಸಲಾದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಎಂಬ 206 ಮೆಗಾಹರ್ಟ್ಸ್ ಪ್ರೊಸೆಸರ್. ಆ ಕಾಲದ ಮೇಜುಗಣಕಗಳ ಪೆಂಟಿಯಂ ಚಿಪ್‌ಗಳು ಹತ್ತಾರು ವ್ಯಾಟ್ ಬೇಡುತ್ತಿದ್ದಾಗ ಇದಕ್ಕೆ ಅರ್ಧ ವ್ಯಾಟಿಗಿಂತಲೂ ಕಡಿಮೆ ಸಾಕಾಗುತ್ತಿತ್ತು. ಇದಕ್ಕಾಗಿ ಬಿಟ್ಟುಕೊಟ್ಟದ್ದೂ ಉಂಟು: ದಶಮಾಂಶ ಸಂಖ್ಯೆಗಳ ಲೆಕ್ಕಾಚಾರಕ್ಕೆ ಬೇಕಾದ ಪ್ರತ್ಯೇಕ ಘಟಕ ಈ ಚಿಪ್ಪಿನಲ್ಲಿ ಇರಲಿಲ್ಲ. ಸ್ಮೃತಿಯೂ ಕೆಲವೇ ಹತ್ತು ಮೆಗಾಬೈಟುಗಳಷ್ಟಿತ್ತು. ಇಷ್ಟರಲ್ಲಿಯೇ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ನಡೆಸಿ, ಕನ್ನಡ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವ 'ಧ್ವನಿ' ತಂತ್ರಾಂಶವನ್ನು ಅದರ ಮೇಲೆ ಅಳವಡಿಸಲಾಯಿತು. ಮೊದಲೇ ದಾಖಲಿಸಿಟ್ಟ ಧ್ವನಿ ತುಣುಕುಗಳನ್ನು ಜೋಡಿಸಿ ಮಾತು ಹೊರಡಿಸುವ ವಿಧಾನವನ್ನು ಇದು ಅನುಸರಿಸಿತು. ಸಣ್ಣ ಪ್ರೊಸೆಸರಿಗೆ ಹೊಂದುವಂತೆ ತಂತ್ರಾಂಶವನ್ನು ರೂಪಿಸುವ ಈ ಕ್ರಮ ಇಂದು ಅಪರೂಪವಾಗಿದೆ.

2004ರಲ್ಲಿ ಪಿಕೋಪೀಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು 'ಅಮಿಡಾ ಸಿಂಪ್ಯೂಟರ್' ಅನ್ನು ಮಾರುಕಟ್ಟೆಗೆ ತಂದವು. ಸಾಧನದ ಚಲನೆಯನ್ನು ಗುರುತಿಸುವ ಸಂವೇದಕವೂ ಅದರಲ್ಲಿತ್ತು. ಆದರೆ ಮಾರಾಟ ಕೆಲವು ಸಾವಿರಗಳನ್ನು ದಾಟಲಿಲ್ಲ. ಅದರ ಸೋಲಿಗೆ ಪ್ರೊಸೆಸರ್ ಕಾರಣವೆನ್ನಲಾಗದು. ಬೆಲೆ ಇಳಿಯುತ್ತಿದ್ದ ಮೊಬೈಲ್ ಫೋನು ಅದರ ಜಾಗವನ್ನು ಆಕ್ರಮಿಸಿತು, ಮತ್ತು ಆ ಫೋನುಗಳ ಚಿಪ್‌ಗಳೂ ಅದೇ ಆರ್ಮ್ ಕುಟುಂಬಕ್ಕೆ ಸೇರಿದವಾಗಿದ್ದವು.

ದೊಡ್ಡ ಮತ್ತು ಚಿಕ್ಕ ಕೋರ್‌ಗಳು

2011ರಲ್ಲಿ ಆರ್ಮ್ ಸಂಸ್ಥೆಯು 'ಬಿಗ್-ಲಿಟಲ್' ವಿನ್ಯಾಸವನ್ನು ಪ್ರಕಟಿಸಿತು. ಭಾರವಾದ ಕೆಲಸಕ್ಕೆ ಕಾರ್ಟೆಕ್ಸ್-ಎ15, ಹಗುರ ಕೆಲಸಕ್ಕೆ ಕಾರ್ಟೆಕ್ಸ್-ಎ7 ಎಂಬ ಎರಡು ಬಗೆಯ ಕೋರ್‌ಗಳನ್ನು ಒಂದೇ ಚಿಪ್ಪಿನಲ್ಲಿಡುವ ಕ್ರಮವಿದು. ಎಂಟು ಕೋರ್‌ಗಳ ಫೋನು ನಾಲ್ಕು ಕೋರ್‌ಗಳದಕ್ಕಿಂತ ಎರಡರಷ್ಟು ವೇಗದ್ದೆಂಬ ಜಾಹೀರಾತಿನ ಧಾಟಿ ಇಲ್ಲಿಯೇ ತಪ್ಪುವುದು: ಎಂಟೂ ಚಿಕ್ಕ ಕೋರ್‌ಗಳಾದರೆ, ಎರಡು ಒಳ್ಳೆಯ ದೊಡ್ಡ ಕೋರ್‌ಗಳುಳ್ಳ ಚಿಪ್ ಆ್ಯಪ್ ತೆರೆಯುವಂತಹ ಕೆಲಸಗಳಲ್ಲಿ ಅದನ್ನು ಸುಲಭವಾಗಿ ಹಿಂದಿಕ್ಕಬಲ್ಲದು.

ತಯಾರಿಕಾ ತಂತ್ರದ ಪ್ರಭಾವ

ವಿನ್ಯಾಸ ಒಂದೇ ಇದ್ದು ಕಾರ್ಖಾನೆ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಸ್ಪಷ್ಟ ಉದಾಹರಣೆಗಳಿವೆ. 2015ರ ಐಫೋನ್ 6ಎಸ್‌ನ ಎ9 ಚಿಪ್ಪನ್ನು ಸ್ಯಾಮ್‌ಸಂಗ್ 14 ನ್ಯಾನೋಮೀಟರ್ ತಂತ್ರದಲ್ಲಿಯೂ ಟಿಎಸ್‌ಎಂಸಿ 16 ನ್ಯಾನೋಮೀಟರ್ ತಂತ್ರದಲ್ಲಿಯೂ ತಯಾರಿಸಿದವು. ಬಳಕೆದಾರರ ಪರೀಕ್ಷೆಗಳಲ್ಲಿ ದೊಡ್ಡ ಅಂತರ ಕಂಡಿತೆಂದು ವಿವಾದವೆದ್ದಾಗ, ನಿತ್ಯದ ಬಳಕೆಯಲ್ಲಿ ಬ್ಯಾಟರಿ ಬಾಳಿಕೆಯ ವ್ಯತ್ಯಾಸ ಶೇಕಡಾ 2ರಿಂದ 3 ಮಾತ್ರ ಎಂದು ಆಪಲ್ ಹೇಳಿತು. ಇದೇ ಎ9 ಚಿಪ್ ಹೊಂದಿದ್ದ ಐಫೋನ್ ಎಸ್ಇ 2017ರಲ್ಲಿ ಬೆಂಗಳೂರಿನ ಪೀಣ್ಯದ ವಿಸ್ಟ್ರಾನ್ ಘಟಕದಲ್ಲಿ ಜೋಡಣೆಯಾಗಿ, ಭಾರತದಲ್ಲಿ ಸಿದ್ಧವಾದ ಮೊದಲ ಐಫೋನ್ ಎನಿಸಿತು.

ಎರಡನೆಯದು ಕ್ವಾಲ್‌ಕಾಮ್‌ನದು. ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಚಿಪ್ ಬಹಳ ಬಿಸಿಯಾಗುತ್ತದೆಂಬ ಟೀಕೆಗೆ ಗುರಿಯಾಗಿತ್ತು. 2022ರ ಮೇ ತಿಂಗಳಲ್ಲಿ ಸಂಸ್ಥೆಯು ಅದರ ತಯಾರಿಕೆಯನ್ನು ಸ್ಯಾಮ್‌ಸಂಗ್‌ನಿಂದ ಟಿಎಸ್‌ಎಂಸಿಗೆ ಬದಲಿಸಿ 8 ಪ್ಲಸ್ ಜೆನ್ 1 ಅನ್ನು ಪ್ರಕಟಿಸಿತು. ಎರಡನ್ನೂ 4 ನ್ಯಾನೋಮೀಟರ್ ಎಂದೇ ಕರೆಯಲಾಗುತ್ತಿತ್ತು. ಆದರೂ ಹೊಸದರ ಆವರ್ತನ ಹೆಚ್ಚಿದ್ದು, ಸಿಪಿಯು ದಕ್ಷತೆ ಶೇಕಡಾ 30ರವರೆಗೆ ಉತ್ತಮಗೊಂಡಿದೆ ಎಂದು ಕ್ವಾಲ್‌ಕಾಮ್ ತಿಳಿಸಿತು. ನ್ಯಾನೋಮೀಟರ್ ಎಂಬುದು ಈಗ ತಲೆಮಾರಿನ ಹೆಸರಾಗಿ ಉಳಿದಿದೆಯೇ ಹೊರತು ಟ್ರಾನ್ಸಿಸ್ಟರಿನ ಯಾವುದೇ ಭಾಗದ ನಿಜವಾದ ಅಳತೆಯನ್ನು ಸೂಚಿಸುವುದಿಲ್ಲ.

ಮಾಪನ ಮತ್ತು ಅದರ ದುರ್ಬಳಕೆ

ಗೀಕ್‌ಬೆಂಚ್, ಆನ್‌ಟುಟು, 3ಡಿಮಾರ್ಕ್ ಮೊದಲಾದ ಮಾಪನ ತಂತ್ರಾಂಶಗಳು ಹೋಲಿಕೆಗೆ ಅಂಕಗಳನ್ನು ಕೊಡುತ್ತವೆ. ಇವುಗಳಲ್ಲಿ ಹಲವು ಪರೀಕ್ಷೆಗಳು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಫೋನು ಕಾದು ವೇಗ ತಗ್ಗಿಸುವ ಹೊತ್ತಿಗೆ ಅಂಕ ದಾಖಲಾಗಿರುತ್ತದೆ. ಆದ್ದರಿಂದ ಒಂದೇ ಪರೀಕ್ಷೆಯನ್ನು ಇಪ್ಪತ್ತು ಬಾರಿ ಸತತವಾಗಿ ನಡೆಸಿ ಕೊನೆಯ ಅಂಕವನ್ನು ಮೊದಲಿನದರೊಡನೆ ಹೋಲಿಸುವ ಕ್ರಮ ಹೆಚ್ಚು ವಿಶ್ವಾಸಾರ್ಹ.

ಮಾಪನ ತಂತ್ರಾಂಶವನ್ನು ಗುರುತಿಸಿ ಆಗ ಮಾತ್ರ ಪೂರ್ಣ ವೇಗದಲ್ಲಿ ಓಡುವ ಫೋನುಗಳೂ ಬಂದಿವೆ. ಇದೇ ಕಾರಣಕ್ಕೆ 2018ರಲ್ಲಿ ಹುವಾವೇಯ ಕೆಲವು ಮಾದರಿಗಳನ್ನು 3ಡಿಮಾರ್ಕ್ ತನ್ನ ಪಟ್ಟಿಯಿಂದ ಕೈಬಿಟ್ಟಿತು. 2022ರ ಮಾರ್ಚ್‌ನಲ್ಲಿ, ಸಾಮಾನ್ಯ ಆ್ಯಪ್‌ಗಳ ವೇಗ ಕುಗ್ಗಿಸಿ ಮಾಪನಕ್ಕೆ ವಿನಾಯಿತಿ ನೀಡಿದ ಕಾರಣಕ್ಕೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್22 ಸೇರಿದಂತೆ ಹಲವು ಫೋನುಗಳನ್ನು ಗೀಕ್‌ಬೆಂಚ್ ತೆಗೆದುಹಾಕಿತು.

ಬಯಲಿನ ಬಳಕೆ

ಕರ್ನಾಟಕ ಸರ್ಕಾರವು 2020ರ ಮುಂಗಾರಿನಲ್ಲಿ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪನ್ನು ಜಾರಿಗೊಳಿಸಿತು. ಬೆಳೆ ವಿಮೆ, ಬೆಳೆಹಾನಿ ಪರಿಹಾರ ಮತ್ತು ಬೆಂಬಲ ಬೆಲೆಯ ಖರೀದಿಗೆ ಈ ದಾಖಲೆಯನ್ನು ಬಳಸಲಾಗುತ್ತದೆ. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಂತಹ ಊರಿನ ಹೊಲದಲ್ಲಿ ನಿಂತು ಇದನ್ನು ತುಂಬಿಸುವಾಗ ಜಿಪಿಎಸ್, ಕ್ಯಾಮೆರಾ, ಮೋಡೆಮ್ ಮೂರೂ ಒಟ್ಟಿಗೆ ದುಡಿಯುತ್ತವೆ. ಬಿಸಿಲಿನಲ್ಲಿ ಕಾಣಲೆಂದು ಪರದೆಯ ಬೆಳಕನ್ನೂ ಪೂರ್ತಿ ಏರಿಸಬೇಕಾಗುತ್ತದೆ. ಸಂಕೇತ ದುರ್ಬಲವಾಗಿದ್ದರೆ ಫೋನು ಗೋಪುರವನ್ನು ತಲುಪಲು ತನ್ನ ಪ್ರಸಾರ ಶಕ್ತಿಯನ್ನು ಹೆಚ್ಚಿಸುತ್ತದೆ. ಇಂತಹ ಸಂದರ್ಭದಲ್ಲಿ ಸಿಪಿಯುಗಿಂತ ಪರದೆ ಮತ್ತು ಮೋಡೆಮ್‌ಗಳೇ ಬ್ಯಾಟರಿಯ ಹೆಚ್ಚು ಪಾಲನ್ನು ಕಬಳಿಸಬಹುದು. ಆಪಲ್ ತನ್ನ ಫೋನುಗಳ ಬಳಕೆಗೆ ಸೂಚಿಸುವ ಗರಿಷ್ಠ ಪರಿಸರ ತಾಪಮಾನ 35 ಡಿಗ್ರಿ ಸೆಲ್ಸಿಯಸ್. ಹಾವೇರಿ ಜಿಲ್ಲೆಯ ಏಪ್ರಿಲ್ ಬಿಸಿಲು ಅದನ್ನು ದಾಟುವುದು ಸಾಮಾನ್ಯ. ಬೇಸಿಗೆ ಹಂಗಾಮಿನ ಸಮೀಕ್ಷೆಯ ವೇಳೆ ಫೋನು ತಡವರಿಸಿದರೆ ನೆರಳಿಗೆ ತಂದು ತಣಿಸುವುದು ಉಪಯುಕ್ತ. ತಂಪಾದ ಮೇಲೆ ಚಿಪ್ ತಾನಾಗಿ ಮೊದಲಿನ ಆವರ್ತನಕ್ಕೆ ಮರಳುತ್ತದೆ.

ಕಡಿಮೆ ಬೆಲೆಯ ಫೋನುಗಳಲ್ಲಿ ನಿಧಾನಗತಿಗೆ ಸಂಗ್ರಹ ಸ್ಮೃತಿಯೂ ಕಾರಣವಾಗುತ್ತದೆ. ಇಎಂಎಂಸಿ 5.1 ಸಂಗ್ರಹದ ಸಂಪರ್ಕ ವೇಗ ಹೆಚ್ಚೆಂದರೆ ಸೆಕೆಂಡಿಗೆ 400 ಮೆಗಾಬೈಟ್ ಆಗಿದ್ದು, ಅದು ಒಂದು ಸಲಕ್ಕೆ ಓದುವುದನ್ನೋ ಬರೆಯುವುದನ್ನೋ ಮಾತ್ರ ಮಾಡಬಲ್ಲದು. ಯುಎಫ್ಎಸ್ ಎರಡನ್ನೂ ಏಕಕಾಲಕ್ಕೆ ಮಾಡುತ್ತದೆ. ಪ್ರೊಸೆಸರ್ ಒಂದೇ ಆಗಿರುವ ಎರಡು ಫೋನುಗಳಲ್ಲಿ ಆಯ್ಕೆ ಮಾಡಬೇಕಾದಾಗ ಮೊದಲು ನೋಡಬೇಕಾದ ವಿವರ ಇದು.

ಬ್ಯಾಟರಿ ಹಳತಾದಾಗ

ಲಿಥಿಯಂ-ಅಯಾನ್ ಬ್ಯಾಟರಿ ಹಳೆಯದಾದಂತೆ ಅದರ ಒಳರೋಧ ಏರಿ, ಚಿಪ್ ಥಟ್ಟನೆ ಬೇಡುವ ವಿದ್ಯುತ್ತನ್ನು ಪೂರೈಸಲಾಗದೆ ಫೋನು ಆರಿಹೋಗಬಹುದು. ಇದನ್ನು ತಡೆಯಲು ಹಳೆಯ ಐಫೋನ್‌ಗಳ ವೇಗವನ್ನು ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ಈ ವಿಷಯ ತಿಳಿಸದಿದ್ದುದಕ್ಕಾಗಿ ಫ್ರಾನ್ಸ್ 2020ರಲ್ಲಿ ಅದಕ್ಕೆ 2.5 ಕೋಟಿ ಯೂರೋ ದಂಡ ವಿಧಿಸಿತು. ಬ್ಯಾಟರಿ ಬದಲಿಸಿದ ಫೋನುಗಳಲ್ಲಿ ಹಳೆಯ ವೇಗ ಮರಳಿತು.